ಜನ ಆಡಿಕೊಂಡ ಡಾಕ್ಟರ

ಅಂಗರಚನಾಶಾಸ್ತ್ರದ ತರಗತಿ. ಬೆಂಚುಗಳ ತುಂಬ ವೈದ್ಯಕೀಯ ವಿದ್ಯಾರ್ಥಿಗಳು. ಎದುರಿನ ಮೇಜಿನ ಮೇಲೆ ಬಟ್ಟೆ ಹೊದಿಸಿದ ಒಂದು ಹೆಣ. ಪಾಠ ಮಾಡಬೇಕಾದ ಪ್ರಾಧ್ಯಾಪಕರ ಸುಳಿವಿಲ್ಲ. ಕೊನೆಗೆ ಇನ್ನೊಬ್ಬ ಡಾಕ್ಟರು ಒಳಬಂದು ತಾನೇ ನಾಲ್ಕು ಮಾತು ಹೇಳುತ್ತೇನೆಂದು ನಿಲ್ಲುತ್ತಾನೆ. ಮುಸುಕು ಸರಿಸಿದರೆ ಎಳೆಯ ವಯಸ್ಸಿನ ಹೆಣ್ಣೊಬ್ಬಳ ದೇಹ. ಡಾಕ್ಟರು ಚಾಕು ಕೈಗೆತ್ತಿಕೊಳ್ಳುವುದಿಲ್ಲ. ಅವಳ ತಲೆಗೂದಲನ್ನು ಬೆರಳುಗಳ ನಡುವೆ ಹಾಯಿಸುತ್ತ, ಮೆಲುದನಿಯಲ್ಲಿ ಮಾತನಾಡುತ್ತಾನೆ. ಇಲ್ಲಿ ನೀವು ಕಲಿಯುವುದು ಮನುಷ್ಯನ ದೇಹವನ್ನು, ಆದರೆ ದೇಹ ಬೇರೆ, ಮನುಷ್ಯ ಬೇರೆ ಎಂಬುದು ಅವನ ಮಾತಿನ ತಿರುಳು. ಕೆಲವೇ ದಿನಗಳ ಹಿಂದೆ ಇವಳೂ ಒಬ್ಬ ಜೀವಂತ ಹುಡುಗಿಯಾಗಿದ್ದಳು ಎನ್ನುವುದು ಈ ಪಾಠಕ್ಕೆ ಬೇಕಿಲ್ಲದಿರಬಹುದು, ವೈದ್ಯನಿಗೆ ಮಾತ್ರ ಬೇಕು. ಕೇಳುತ್ತ ಕುಳಿತವರ ನಡುವೆ ಒಬ್ಬ ತರುಣಿ ಮೂರ್ಛೆ ಹೋಗಿ ಬೀಳುತ್ತಾಳೆ.

ಒಂದು ಪ್ರೇಮಕಥೆ, ಅದರಲ್ಲೂ ನಗೆಚಿತ್ರವೆಂದು ಹೆಸರು ಹೊತ್ತ ಪ್ರೇಮಕಥೆ, ಹೆಣದ ಮುಂದೆ ಶುರುವಾಗುವುದುಂಟೇ? 1951ರಲ್ಲಿ ತೆರೆಕಂಡ ‘ಪೀಪಲ್ ವಿಲ್ ಟಾಕ್’ ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕ ನಾಯಕಿಯರು ಮೊದಲು ಎದುರಾಗುವುದೇ ಹೀಗೆ. ‘ಜನ ಆಡಿಕೊಳ್ಳುತ್ತಾರೆ’ ಎನ್ನಬಹುದು ಅದರ ಹೆಸರನ್ನು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಚಿತ್ರ, ನಿರ್ಮಾಪಕ ಡ್ಯಾರಿಲ್ ಝಾನಕ್, ನಾಯಕ ಕೇರಿ ಗ್ರಾಂಟ್, ಚಿತ್ರಕಥೆ ಮತ್ತು ನಿರ್ದೇಶನ ಜೋಸೆಫ್ ಮ್ಯಾಂಕವಿಟ್ಸ್. ಇಷ್ಟು ದೊಡ್ಡ ಹೆಸರುಗಳಿದ್ದೂ ಈ ಚಿತ್ರ ಮರೆತುಹೋಯಿತು. ಗ್ರಾಂಟ್‌ನ ಚಿತ್ರಗಳ ಪಟ್ಟಿ ಹೇಳುವಾಗ ‘ಫಿಲಡೆಲ್ಫಿಯಾ ಸ್ಟೋರಿ’ ಬರುತ್ತದೆ, ‘ನಟೋರಿಯಸ್’ ಬರುತ್ತದೆ, ‘ನಾರ್ತ್ ಬೈ ನಾರ್ತ್‌ವೆಸ್ಟ್’ ಬರುತ್ತದೆ. ಇದು ಬರುವುದಿಲ್ಲ. ಮ್ಯಾಂಕವಿಟ್ಸ್‌ನ ಹೆಸರು ಬಂದಾಗ ಎಲ್ಲರೂ ನೆನೆಯುವುದು ಅದರ ಹಿಂದಿನ ವರ್ಷದ ‘ಆಲ್ ಅಬೌಟ್ ಈವ್’ ಚಿತ್ರವನ್ನು. ಅದು 14 ಆಸ್ಕರ್ ನಾಮಕರಣ ಪಡೆದು ಆರನ್ನು ಗೆದ್ದಿತು. ಅದರ ಬೆನ್ನಿಗೇ ಬಂದ ಆಸ್ಪತ್ರೆಯ ಕಥೆಗೆ ಒಂದು ನಾಮಕರಣವೂ ಸಿಗಲಿಲ್ಲ. ಅಣ್ಣ ರ್ಯಾಂಕ್ ಬಂದ ಮನೆಯಲ್ಲಿ ತಮ್ಮನ ಫಸ್ಟ್ ಕ್ಲಾಸನ್ನು ಕೇಳುವವರಾರು!

ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಒಂದು ಒಕ್ಕಣೆ ಮೂಡುತ್ತದೆ. ಇಂಥ ಡಾಕ್ಟರು ಎಲ್ಲಿಯಾದರೂ ಇರಲು ಸಾಧ್ಯವೇ ಎಂದು ಕೆಲವರು ಕೇಳಬಹುದು, ಇಲ್ಲದಿದ್ದರೆ ಇರಲೇಬೇಕಿತ್ತು ಎಂದು ಇನ್ನು ಕೆಲವರು ಆಶಿಸಬಹುದು ಎನ್ನುತ್ತದೆ ಅದು. ಬಳಿಕ ಚಿತ್ರವನ್ನು ಅರ್ಪಿಸಲಾಗುತ್ತದೆ. ಯಾರಿಗೆ? ವೈದ್ಯರಿಗಲ್ಲ, ದಾದಿಯರಿಗಲ್ಲ, ಔಷಧ ಕಂಡುಹಿಡಿದ ವಿಜ್ಞಾನಿಗಳಿಗೂ ಅಲ್ಲ. ರೋಗಿಗೆ.

ಕಟುಕನ ಅಂಗಡಿಯ ವೈದ್ಯ

ಕಥಾನಾಯಕ ಡಾ. ನೋವಾ ಪ್ರಿಟೋರಿಯಸ್. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ತನ್ನದೇ ಒಂದು ಕ್ಲಿನಿಕ್ ನಡೆಸುತ್ತಾನೆ, ಸಾಲದ್ದಕ್ಕೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿದ ವಾದ್ಯಗೋಷ್ಠಿಗೆ ಕೋಲು ಆಡಿಸುವ ನಿರ್ದೇಶಕ. ಆತನ ಕ್ಲಿನಿಕ್ಕಿನ ಪದ್ಧತಿಗಳು ಬೇರೆ ಆಸ್ಪತ್ರೆಗಳಲ್ಲಿ ಇಲ್ಲದವು. ಅಡುಗೆಮನೆಯ ಅನುಕೂಲಕ್ಕಾಗಿ ಹಸಿವಿಲ್ಲದ ಹೊತ್ತಿನಲ್ಲಿ ರೋಗಿಗೆ ಊಟ ಕೊಡಬಾರದು, ಪಾಳಿ ಮುಗಿಯುವ ಮುಂಚೆ ಮೈ ಒರೆಸಿ ಮುಗಿಸಬೇಕೆಂದು ನಿದ್ದೆ ಹತ್ತಿದವನನ್ನು ಎಬ್ಬಿಸಬಾರದು. ಆಸ್ಪತ್ರೆ ಇರುವುದು ರೋಗಿಗಾಗಿ, ರೋಗಿ ಇರುವುದು ಆಸ್ಪತ್ರೆಗಾಗಿ ಅಲ್ಲ ಎಂಬುದು ಅವನ ನಿಲುವು. ಬೆಳಗಿನ ಜಾವ ನಾಲ್ಕೂವರೆಗೆ ಥರ್ಮಾಮೀಟರ್ ಬಾಯಿಗೆ ತುರುಕಿಸಿಕೊಂಡು ಎಚ್ಚೆತ್ತ ಯಾರಿಗಾದರೂ ಈ ದೃಶ್ಯ ಕಂಡು ಚಪ್ಪಾಳೆ ತಟ್ಟುವ ಮನಸ್ಸಾದೀತು.

ಜನಪ್ರಿಯತೆ ಇದ್ದಲ್ಲಿ ಹೊಟ್ಟೆಯುರಿ ಇರಲೇಬೇಕಲ್ಲ. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಎಲ್ವೆಲ್ ಆ ಹೊಟ್ಟೆಯುರಿಯ ಮೂರ್ತಿ. ಕೆನಡಾ ಮೂಲದ ಹ್ಯೂಮ್ ಕ್ರೋನಿನ್ ಈ ಪಾತ್ರವನ್ನು ಎಷ್ಟು ಚೊಕ್ಕವಾಗಿ ನಿಭಾಯಿಸಿದ್ದಾನೆಂದರೆ, ಅವನು ಬಾಗಿಲು ತೆರೆದು ಬಂದರೆ ಸಾಕು, ಕೋಣೆಯೊಳಗೆ ತಣ್ಣನೆ ಗಾಳಿ ಹೊಕ್ಕಂತಾಗುತ್ತದೆ. ತನ್ನ ತರಗತಿಗೆ ಆತ ತಡವಾದದ್ದೂ ಇದೇ ಕಾರಣಕ್ಕೆ. ಪ್ರಿಟೋರಿಯಸ್ ಹಿಂದೆ ಇದ್ದ ಗೂಸ್ ಕ್ರೀಕ್ ಎಂಬ ಹಳ್ಳಿಯಿಂದ ಅವನ ಮನೆಗೆಲಸದ ಹೆಂಗಸನ್ನು ಕರೆಸಿ, ಬಾಗಿಲು ಹಾಕಿಕೊಂಡು ಗುಟ್ಟು ಕೇಳುತ್ತಿದ್ದ. ಆ ಹೆಂಗಸಿನ ಪಾತ್ರದಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್. 1939ರ ‘ವಿಝರ್ಡ್ ಆಫ್ ಆಝ್’ ಚಿತ್ರದ ಹಸಿರು ಮುಖದ ಮಾಟಗಾತಿಯನ್ನು ಕಂಡವರು ಅವಳನ್ನು ಮರೆಯುವಂತಿಲ್ಲ. ಇಲ್ಲಿ ಮಾತ್ರ ಪಾತ್ರಧಾರಿಗಳ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಆ ಹಳೆಯ ಗುಟ್ಟೇ ಒಂದು ತಮಾಷೆ. ಗೂಸ್ ಕ್ರೀಕ್‌ನ ಜನಕ್ಕೆ ಡಾಕ್ಟರೆಂದರೆ ನಂಬಿಕೆಯಿಲ್ಲ. ನಾಟಿ ಮದ್ದಿನವರು, ಪವಾಡದವರು ಯಾರಾದರೂ ಆದೀತು, ಕಾಲೇಜಿನಲ್ಲಿ ಓದಿ ಬಂದವನು ಮಾತ್ರ ಬೇಡ. ಪ್ರಿಟೋರಿಯಸ್ ಅಲ್ಲಿ ಮಾಂಸದ ಅಂಗಡಿ ತೆರೆದ. ಡಾಕ್ಟರೆಂದು ಬಾಯಿಬಿಡದೆ, ಅಂಗಡಿಯ ಮರೆಯಲ್ಲಿ ರೋಗಗಳನ್ನು ವಾಸಿಮಾಡುತ್ತ ಹೋದ. ಕಟುಕನ ಕೈಗುಣಕ್ಕೆ ಜನ ಮುಗಿಬಿದ್ದರು. ಒಂದು ದಿನ ಮನೆಗೆಲಸದವಳ ಕೈಗೆ ಅವನ ವೈದ್ಯಕೀಯ ಪದವಿಪತ್ರ ಸಿಕ್ಕಿಬಿಟ್ಟಿತು. ಈತ ನಿಜವಾದ ಡಾಕ್ಟರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರು ತಿರುಗಿಬಿತ್ತು! ನಕಲಿ ವೈದ್ಯನನ್ನು ಜನ ಅಟ್ಟುವುದು ಎಲ್ಲ ಕಡೆಯೂ ಇದ್ದದ್ದೇ. ಅಸಲಿ ಎಂಬ ಕಾರಣಕ್ಕೆ ಅಟ್ಟಿಸಿಕೊಂಡವನು ಬಹುಶಃ ಇವನೊಬ್ಬನೇ.

ಈ ವಿಚಿತ್ರ ಡಾಕ್ಟರ ಮೊದಲು ಹುಟ್ಟಿದ್ದು ಜರ್ಮನ್ ರಂಗಭೂಮಿಯಲ್ಲಿ. ನಾಟಕಕಾರನೂ ನಟನೂ ಆಗಿದ್ದ ಕುರ್ಟ್ ಗೋಟ್ಸ್ 1930ರ ದಶಕದ ಆರಂಭದಲ್ಲಿ ಈ ನಾಟಕ ಬರೆದ. ಅದರಲ್ಲಿ ಡಾಕ್ಟರನ ಹೆಸರು ಹೀಯೋಬ್, ಅಂದರೆ ಬೈಬಲಿನಲ್ಲಿ ಕಷ್ಟಪರಂಪರೆ ಅನುಭವಿಸಿದ ಯೋಬ. ಹಾಲಿವುಡ್ಡಿಗೆ ಬಂದಾಗ ಯೋಬ ಹೋಗಿ ನೋಹನಾದ. ಮೂಲ ನಾಟಕದ ಡಾಕ್ಟರು ಒಂದು ಸೂಕ್ಷ್ಮಜೀವಿಯ ಬೆನ್ನು ಹತ್ತಿರುತ್ತಾನೆ: ಮನುಷ್ಯನ ಮೂರ್ಖತನಕ್ಕೆ ಕಾರಣವಾದ ರೋಗಾಣು! ಗೋಟ್ಸ್ 1939ರಲ್ಲಿ ಯುರೋಪು ಬಿಟ್ಟು ಅಮೆರಿಕಕ್ಕೆ ಬಂದು, ಯುದ್ಧದ ವರ್ಷಗಳನ್ನು ಕ್ಯಾಲಿಫೋರ್ನಿಯದಲ್ಲಿ ಕಳೆದ. ಅಲ್ಲಿ ಕೋಳಿ ಸಾಕಿದ್ದೂ ಉಂಟು. ಯುದ್ಧ ಮುಗಿದ ಮೇಲೆ ಮರಳಿ ಹೋಗಿ, 1950ರಲ್ಲಿ ತಾನೇ ನಾಯಕನಾಗಿ ಈ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಚಿತ್ರ ಮಾಡಿದ. ಮರುವರ್ಷ ಮ್ಯಾಂಕವಿಟ್ಸ್‌ನ ಚಿತ್ರ ಬಂತು. ರೋಗಾಣುವಿನ ಹುಡುಕಾಟವನ್ನು ಮ್ಯಾಂಕವಿಟ್ಸ್ ಕೈಬಿಟ್ಟ. ಎಲ್ವೆಲ್ ಇರುವಾಗ ಸೂಕ್ಷ್ಮದರ್ಶಕದ ಅಗತ್ಯ ಬೀಳಲಿಲ್ಲವೆಂದು ಕಾಣುತ್ತದೆ.

ಕಪ್ಪೆ ಹೇಳಿದ ಸತ್ಯ

ಮೂರ್ಛೆ ಹೋದ ತರುಣಿಯ ವಿಷಯಕ್ಕೆ ಬರಬೇಕು. ಹೆಸರು ಡೆಬರಾ ಹಿಗಿನ್ಸ್. ಪ್ರಿಟೋರಿಯಸ್ ತನ್ನ ಕ್ಲಿನಿಕ್ಕಿನಲ್ಲಿ ಪರೀಕ್ಷಿಸಿ ನೋಡಿದರೆ ಆಕೆ ಗರ್ಭಿಣಿ. ಶ್ರೀಮತಿ ಎಂದು ಹೇಳಿಕೊಂಡವಳು ಆಮೇಲೆ ನಿಜ ಒಪ್ಪಿಕೊಳ್ಳುತ್ತಾಳೆ. ಮದುವೆಯಾಗಿಲ್ಲ. ಮಗುವಿನ ತಂದೆಯಾಗಬೇಕಿದ್ದವನು ಕೊರಿಯಾ ಯುದ್ಧಕ್ಕೆ ಹೋಗಿ ಸತ್ತಿದ್ದಾನೆ. ತನ್ನಪ್ಪನಿಗೆ ಇದು ಗೊತ್ತಾದರೆ ಆತ ತಾಳಲಾರ ಎಂಬುದೊಂದೇ ಅವಳ ಚಿಂತೆ. ಡಾಕ್ಟರನ ಸಮಾಧಾನದ ಮಾತು ಕೇಳಿ ಹೊರಗೆ ಹೋದವಳು ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾಳೆ.

ಜೀವ ಉಳಿಯುತ್ತದೆ. ಆದರೆ ಎಚ್ಚರಗೊಂಡವಳು ಮತ್ತೆ ಅದೇ ದಾರಿ ಹಿಡಿಯದಂತೆ ತಡೆಯುವುದು ಹೇಗೆ? ಡಾಕ್ಟರು ಒಂದು ಸುಳ್ಳು ಹೇಳುತ್ತಾನೆ: ‘ಪರೀಕ್ಷೆಯಲ್ಲಿ ತಪ್ಪಾಗಿದೆ, ನೀನು ಗರ್ಭಿಣಿಯಲ್ಲ.’ ಅವಳು ನಂಬುತ್ತಾಳೆ, ನೆಮ್ಮದಿಯಿಂದ ನಿದ್ದೆಹೋಗುತ್ತಾಳೆ. ಇಡೀ ಪ್ರೇಮಕಥೆ ನಿಂತಿರುವುದು ಈ ಒಂದು ಸುಳ್ಳಿನ ಮೇಲೆ.

ಓದಿ ತಿಳಿದ ಹುಡುಗಿ ಇಂಥ ಮಾತನ್ನು ನಂಬಿದ್ದಾದರೂ ಹೇಗೆ ಎಂದು ಇಂದಿನವರು ಕೇಳಬಹುದು. ಔಷಧಿ ಅಂಗಡಿಯಲ್ಲಿ ಕಿಟ್ ಕೊಂಡು ಐದು ನಿಮಿಷದಲ್ಲಿ ಗೆರೆ ಎಣಿಸುವ ಕಾಲ ಇದು. 1951ರಲ್ಲಿ ಹಾಗಿರಲಿಲ್ಲ, ಉತ್ತರ ಹೇಳಬೇಕಾದದ್ದು ಪ್ರಾಣಿಗಳು. ಗರ್ಭ ನಿಂತಾಗ ಹೆಣ್ಣಿನ ಮೂತ್ರದಲ್ಲಿ ಒಂದು ಹಾರ್ಮೋನು ಕಾಣಿಸಿಕೊಳ್ಳುತ್ತದೆ. ಆ ಮೂತ್ರವನ್ನು ಹೆಣ್ಣಿಲಿಗಳಿಗೆ ಚುಚ್ಚಿ ಅವುಗಳ ಅಂಡಾಶಯದಲ್ಲಾಗುವ ಬದಲಾವಣೆ ನೋಡುವ ವಿಧಾನವನ್ನು 1927ರಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಜಾಂಡೆಕ್ ಕಂಡುಹಿಡಿದರು. 1931ರಲ್ಲಿ ಅಮೆರಿಕದಲ್ಲಿ ಇಲಿಯ ಜಾಗಕ್ಕೆ ಮೊಲ ಬಂತು. ಇಲಿಯಾಗಲಿ ಮೊಲವಾಗಲಿ, ಉತ್ತರ ಹೇಳಿದ ಮೇಲೆ ಬದುಕುತ್ತಿರಲಿಲ್ಲ. ಏಕೆಂದರೆ ಉತ್ತರ ಇದ್ದದ್ದು ಅದರ ಹೊಟ್ಟೆಯೊಳಗೆ. ಆಮೇಲೆ ಬಂದದ್ದು ದಕ್ಷಿಣ ಆಫ್ರಿಕದ ಒಂದು ಜಾತಿಯ ಕಪ್ಪೆ. ಅದಕ್ಕೆ ದಾರಿ ತೋರಿದವನು ಲ್ಯಾನ್ಸ್‌ಲಾಟ್ ಹಾಗ್‌ಬೆನ್. ‘ಮ್ಯಾಥಮ್ಯಾಟಿಕ್ಸ್ ಫಾರ್ ದಿ ಮಿಲಿಯನ್’ ಬರೆದು ಲಕ್ಷಾಂತರ ಜನರ ಗಣಿತದ ಭಯ ಬಿಡಿಸಿದ ಅದೇ ಹಾಗ್‌ಬೆನ್! ಗರ್ಭಿಣಿಯ ಮೂತ್ರದ ಅಂಶ ಮೈಗೆ ಸೇರಿದರೆ ಹೆಣ್ಣುಕಪ್ಪೆ ರಾತ್ರಿ ಬೆಳಗಾಗುವುದರೊಳಗೆ ಮೊಟ್ಟೆಯಿಡುತ್ತದೆ. ಕಪ್ಪೆ ಸಾಯಬೇಕಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಬಳಸಬಹುದು. ಇಷ್ಟು ಕೈ ದಾಟಿ, ಇಷ್ಟು ಪ್ರಾಣಿ ದಾಟಿ ಬರುವ ಫಲಿತಾಂಶದಲ್ಲಿ ಅದಲುಬದಲಾಯಿತು ಎಂದು ಡಾಕ್ಟರೇ ಹೇಳಿದರೆ ನಂಬದಿರುವುದು ಹೇಗೆ?

ಇನ್ನೊಂದು ಪ್ರಶ್ನೆ ಅಷ್ಟು ಸುಲಭದ್ದಲ್ಲ. ರೋಗಿಯೂ ಮನುಷ್ಯ ಎಂದು ಹೆಣದ ಮುಂದೆ ನಿಂತು ಹೇಳಿದವನೇ, ಬದುಕಿರುವ ಹೆಣ್ಣಿಗೆ ಅವಳ ದೇಹದ ವಿಷಯವನ್ನೇ ಮುಚ್ಚಿಟ್ಟನಲ್ಲ! ಅಂದಿನ ಪ್ರೇಕ್ಷಕರಿಗೆ ಇದು ತಪ್ಪಾಗಿ ಕಂಡಿರಲಾರದು. 1961ರಲ್ಲಿ ಅಮೆರಿಕದ ವೈದ್ಯ ಡೊನಾಲ್ಡ್ ಓಕೆನ್ ಒಂದು ಸಮೀಕ್ಷೆ ಪ್ರಕಟಿಸಿದ. ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ಲೇಸು ಎಂದ ವೈದ್ಯರು ಅದರಲ್ಲಿ ನೂರಕ್ಕೆ ಸುಮಾರು 90. ಅದೇ ಪ್ರಶ್ನೆಯನ್ನು 1979ರಲ್ಲಿ ಮತ್ತೆ ಕೇಳಿದಾಗ ಲೆಕ್ಕ ತಲೆಕೆಳಗಾಗಿತ್ತು. ಹೇಳುತ್ತೇವೆ ಎಂದವರು ನೂರಕ್ಕೆ 97ರ ಮೇಲೆ. ‘ತಿಳಿದು ಕೊಟ್ಟ ಒಪ್ಪಿಗೆ’ ಎಂಬ ಮಾತು ಅಮೆರಿಕದ ನ್ಯಾಯಾಲಯವೊಂದರ ತೀರ್ಪಿನಲ್ಲಿ ಬಂದದ್ದೇ 1957ರಲ್ಲಿ. ಪ್ರಿಟೋರಿಯಸ್ ಅದಕ್ಕೂ ಮುಂಚಿನ ಕಾಲದವನು. ರೋಗಿಯನ್ನು ಪ್ರೀತಿಸುತ್ತಾನೆ, ಗೌರವಿಸುತ್ತಾನೆ, ಆದರೆ ಅವಳಿಗೆ ಏನು ತಿಳಿದರೆ ಒಳ್ಳೆಯದು ಎಂಬುದನ್ನು ತಾನೇ ತೀರ್ಮಾನಿಸುತ್ತಾನೆ. ಈ ವಿರೋಧ ಚಿತ್ರಕ್ಕೂ ಗೊತ್ತಿದೆ ಎನ್ನುವುದೇ ಅದರ ಹೆಚ್ಚುಗಾರಿಕೆ. ಸುಳ್ಳಿನ ಸಾಲವನ್ನು ಅವನು ಆಮೇಲೆ ತೀರಿಸಲೇಬೇಕಾಗುತ್ತದೆ.

ನಿಜ ಹೇಳಲೆಂದೇ ಆತ ಅವಳ ಹಳ್ಳಿಗೆ ಹೋಗುತ್ತಾನೆ. ಡೆಬರಾಳ ಅಪ್ಪ ಆರ್ಥರ್, ಬರವಣಿಗೆಯನ್ನು ನಂಬಿ ಸೋತ ಸಾಧು ಮನುಷ್ಯ. ಜಿಪುಣ ಅಣ್ಣನ ಹೊಲಮನೆಯಲ್ಲಿ ಹಂಗಿನ ಕೂಳು. ಆ ಅಪ್ಪನನ್ನು ಕಂಡ ಮೇಲೆ ಡಾಕ್ಟರನ ನಾಲಿಗೆ ಏಳುವುದಿಲ್ಲ. ಅತ್ತ ಡೆಬರಾ ಈ ಡಾಕ್ಟರನನ್ನೇ ಮನಸ್ಸಿನಲ್ಲಿ ತುಂಬಿಕೊಂಡಿದ್ದಾಳೆ, ಆಸ್ಪತ್ರೆಯಿಂದ ಹೇಳದೆ ಓಡಿಬಂದದ್ದೂ ಆ ನಾಚಿಕೆಗೇ. ಹಾಲಿನ ಕೊಠಡಿಯಲ್ಲಿ ಇಬ್ಬರೂ ಮಾತಿಗೆ ನಿಂತಾಗ ಡಾಕ್ಟರು ಹೇಳಬೇಕಾದದ್ದನ್ನು ಹೇಳುವ ಬದಲು ಪ್ರೀತಿಯ ಮಾತಾಡುತ್ತಾನೆ. ಮದುವೆಯೂ ಆಗಿಬಿಡುತ್ತದೆ, ಮಾವನೂ ಅಳಿಯನ ಮನೆಗೇ ಬರುತ್ತಾನೆ.

ಮದುವೆಯ ಲೆಕ್ಕಕ್ಕೂ ಮಗುವಿನ ಲೆಕ್ಕಕ್ಕೂ ಹೊಂದಾಣಿಕೆಯಾಗದ ದಿನ ಬಂದೇ ಬರುತ್ತದೆ. ತನಗೆ ದಿನ ತಪ್ಪಿದೆ ಎಂದು ಸಂಭ್ರಮದಿಂದ ಹೇಳಹೊರಟವಳಿಗೆ ನಿಜ ತಿಳಿಯುತ್ತದೆ. ಆಗ ಅವಳು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ನೀನು ನನ್ನನ್ನು ಮದುವೆಯಾದದ್ದು ಕನಿಕರಕ್ಕೋ? ಚಿಕಿತ್ಸೆಯ ಒಂದು ಭಾಗವಾಗಿಯೋ? ಜೀನ್ ಕ್ರೇನ್ ಈ ದೃಶ್ಯದಲ್ಲಿ ಸುಂದರ ಗೊಂಬೆಯಾಗಿ ಉಳಿಯದೆ ನಿಜಕ್ಕೂ ನಟಿಸಿದ್ದಾಳೆ. ಅವಳನ್ನು ಒಪ್ಪಿಸಲು ಅವನಿಗೆ ಸಾಕುಸಾಕಾಗುತ್ತದೆ. ಪ್ರೇಕ್ಷಕನಿಗೂ ಪೂರ್ತಿ ಒಪ್ಪಿಗೆಯಾಯಿತೇ ಎಂದರೆ, ಅವರವರಿಗೆ ಬಿಟ್ಟದ್ದು.

ಜೀನ್ ಕ್ರೇನ್ ಈ ಪಾತ್ರಕ್ಕೆ ಬಂದ ಬಗೆಯೂ ಸ್ವಾರಸ್ಯ. ‘ಆಲ್ ಅಬೌಟ್ ಈವ್’ ಚಿತ್ರದ ಈವ್ ಪಾತ್ರಕ್ಕೆ ಝಾನಕ್ ಮೊದಲು ಯೋಚಿಸಿದ್ದು ಅವಳನ್ನು. ಗರ್ಭಿಣಿಯಾದ್ದರಿಂದ ಅದು ತಪ್ಪಿ ಆನ್ ಬ್ಯಾಕ್ಸ್‌ಟರ್‌ಗೆ ಹೋಯಿತು. ಡೆಬರಾಳ ಪಾತ್ರ ಬ್ಯಾಕ್ಸ್‌ಟರ್‌ಗೆ ಮೀಸಲಾಗಿತ್ತು. ಈ ಸಲ ಅವಳು ಗರ್ಭಿಣಿ! ಪಾತ್ರ ಕ್ರೇನ್‌ಳ ಕೈಗೆ ಬಂತು. ತೆರೆಯ ಮೇಲಿನ ಗರ್ಭಿಣಿಯಾಗಲು ನಿಜವಾದ ಗರ್ಭಿಣಿಗೆ ಅವಕಾಶ ತಪ್ಪಿದ್ದು ಹೀಗೆ.

ಮದುವೆಗೆ ಮುಂಚೆ ಬಸಿರಾದ ಹೆಣ್ಣು ಶಿಕ್ಷೆ ಅನುಭವಿಸದೆ, ಒಳ್ಳೆಯ ಗಂಡನನ್ನೂ ಪಡೆದು ಸುಖವಾಗಿರುವ ಕಥೆಯನ್ನು 1951ರ ಹಾಲಿವುಡ್ ತೋರಿಸಿದ್ದು ಸಣ್ಣ ಸಾಹಸವಲ್ಲ. ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ ನೀತಿಸಂಹಿತೆ 1934ರಿಂದ ಬಿಗಿಯಾಗಿ ಜಾರಿಯಲ್ಲಿತ್ತು. ಮರುವರ್ಷ, 1952ರಲ್ಲಿ, ‘ಐ ಲವ್ ಲೂಸಿ’ ಟಿವಿ ಧಾರಾವಾಹಿಯ ನಾಯಕಿ ಗಂಡನಿಂದಲೇ ಗರ್ಭಿಣಿಯಾದಾಗಲೂ ‘ಪ್ರೆಗ್ನೆಂಟ್’ ಎಂಬ ಶಬ್ದವನ್ನು ಬಳಸಲು ಟಿವಿಯವರು ಬಿಡಲಿಲ್ಲ.

ಎರಡು ಸಲ ಕೊಂದವನು

ಡಾಕ್ಟರನ ಬೆನ್ನಿಗೆ ಸದಾ ನೆರಳಿನಂತೆ ಒಬ್ಬ ಮುದುಕ. ಎತ್ತರದ ಆಳು, ನಿಧಾನದ ನಡೆ, ಬಾಯಲ್ಲಿ ಎರಡು ಮಾತಿಲ್ಲ. ಹೆಸರು ಶಂಡರ್ಸನ್. ಆಳೋ, ಗೆಳೆಯನೋ, ನೆಂಟನೋ ಯಾರಿಗೂ ಗೊತ್ತಿಲ್ಲ. ಹಳ್ಳಿಯ ಮನೆಯ ಕಚ್ಚುವ ನಾಯಿ ಕೂಡ ಅವನ ಮುಂದೆ ಬಾಲ ಅಲ್ಲಾಡಿಸುತ್ತದೆ. ಜನ ಆಡಿಕೊಳ್ಳುವುದು ಹೆಚ್ಚಾಗಿ ಇವನ ವಿಷಯವೇ. ಎಲ್ವೆಲ್‌ಗೆ ಬೇಕಾದ ಆಯುಧವೂ ಇಲ್ಲೇ ಸಿಗುತ್ತದೆ: ಈ ಶಂಡರ್ಸನ್ ಕೊಲೆ ಅಪರಾಧಿ. ಪಾತ್ರ ಮಾಡಿದ ಸ್ಕಾಟ್‌ಲೆಂಡಿನ ಫಿನ್ಲೇ ಕರಿ ಆಗ ಎಪ್ಪತ್ತು ದಾಟಿದವನು. ಡಿಕನ್ಸ್‌ನ ಕಾದಂಬರಿ ಆಧರಿಸಿ ಡೇವಿಡ್ ಲೀನ್ 1946ರಲ್ಲಿ ತೆಗೆದ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಚಿತ್ರದಲ್ಲಿ, ಸ್ಮಶಾನದಲ್ಲಿ ಹುಡುಗನ ಮೇಲೆರಗುವ ಕೈದಿ ಮ್ಯಾಗ್‌ವಿಚ್ ಇವನೇ.

ಕಾಲೇಜಿನ ಸಂಗೀತ ಕಾರ್ಯಕ್ರಮದ ಸಂಜೆಯೇ ವಿಚಾರಣೆ ನಿಗದಿಯಾಗುತ್ತದೆ. ಅತ್ತ ವಾದ್ಯಗಾರರೂ ಸಭಿಕರೂ ಕಾದು ಕುಳಿತಿದ್ದಾರೆ, ಇತ್ತ ಮುಚ್ಚಿದ ಕೋಣೆಯಲ್ಲಿ ಡಾಕ್ಟರನ ಮೇಲೆ ಪ್ರಶ್ನೆಗಳ ಮಳೆ. ತನ್ನ ವಿಷಯಕ್ಕೆ ಆತ ನಗುನಗುತ್ತಲೇ ಉತ್ತರ ಕೊಡುತ್ತಾನೆ, ಮಾಂಸದ ಅಂಗಡಿಯ ಕಥೆಯೂ ಹೊರಬರುತ್ತದೆ. ‘ಶಂಡರ್ಸನ್ ಯಾರು?’ ಎಂಬ ಪ್ರಶ್ನೆಗೆ ಮಾತ್ರ ಬಾಯಿ ಬಿಡುವುದಿಲ್ಲ. ಕೆಲಸ ಹೋದರೂ ಸರಿ, ಇನ್ನೊಬ್ಬನ ಗುಟ್ಟು ಹೇಳಲಾರೆ.

ಈ ಮೌನದ ಬೆಲೆ ಅಂದಿನ ಅಮೆರಿಕದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕಮ್ಯುನಿಸ್ಟರನ್ನು ಹುಡುಕುವ ಭರಾಟೆಯ ದಿನಗಳು ಅವು. ವಾಷಿಂಗ್ಟನ್ನಿನ ಸಮಿತಿಗಳ ಮುಂದೆ ಚಿತ್ರರಂಗದವರನ್ನು ನಿಲ್ಲಿಸಿ ಕೇಳುತ್ತಿದ್ದದ್ದೇ ಗೆಳೆಯರ ಹೆಸರುಗಳನ್ನು. ಹೇಳದವರಿಗೆ ಕೆಲಸವಿಲ್ಲ. ಮ್ಯಾಂಕವಿಟ್ಸ್‌ಗೆ ಇದರ ಬಿಸಿ ಸ್ವತಃ ತಟ್ಟಿತ್ತು. 1950ರಲ್ಲಿ ಆತ ಚಿತ್ರನಿರ್ದೇಶಕರ ಸಂಘದ ಅಧ್ಯಕ್ಷ. ರಜೆಗೆಂದು ಯುರೋಪಿಗೆ ಹೋಗಿದ್ದಾಗ, ಸಂಘದ ಸದಸ್ಯರೆಲ್ಲ ದೇಶನಿಷ್ಠೆಯ ಪ್ರಮಾಣಪತ್ರಕ್ಕೆ ಕಡ್ಡಾಯವಾಗಿ ಸಹಿ ಹಾಕಬೇಕೆಂಬ ನಿಯಮವನ್ನು ಸೆಸಿಲ್ ಡಿಮಿಲ್‌ನ ಗುಂಪು ತಂದಿತು. ಪೌರಾಣಿಕ ಚಿತ್ರಗಳ ಆ ದೊಡ್ಡ ನಿರ್ದೇಶಕನ ಗುಂಪು ಅಷ್ಟಕ್ಕೇ ಬಿಡದೆ, ವಿರೋಧಿಸಿದ ಅಧ್ಯಕ್ಷನನ್ನೇ ಕೆಳಗಿಳಿಸಲು ಸದ್ದಿಲ್ಲದೆ ಸದಸ್ಯರಿಗೆ ಮತಪತ್ರ ಕಳಿಸಿತು. 1950ರ ಅಕ್ಟೋಬರ್ 22ರಂದು ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಸೇರಿದ ಸಭೆ ನಡುರಾತ್ರಿ ದಾಟಿ ನಡೆಯಿತು. ಕೊನೆಗೆ ಎದ್ದು ನಿಂತವನು ಜಾನ್ ಫೋರ್ಡ್, ಕೌಬಾಯ್ ಚಿತ್ರಗಳ ಗುರು. ಡಿಮಿಲ್ ಸಹಿತ ಇಡೀ ಮಂಡಳಿ ರಾಜೀನಾಮೆ ಕೊಡಲಿ ಎಂದ. ಸಭೆ ಒಪ್ಪಿತು. ಅಧ್ಯಕ್ಷ ಉಳಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಕೆಲವೇ ದಿನಗಳಲ್ಲಿ ಮ್ಯಾಂಕವಿಟ್ಸ್ ತಾನೇ ಸದಸ್ಯರಿಗೆ ಪತ್ರ ಬರೆದು, ಕಡ್ಡಾಯಕ್ಕಲ್ಲವಾದರೂ ಸ್ವಇಚ್ಛೆಯಿಂದ ಸಹಿ ಹಾಕಿರಿ ಎಂದು ಕೇಳಿಕೊಂಡ. ಒತ್ತಡಕ್ಕೆ ಮಣಿದನೋ, ಸಂಘ ಒಡೆಯದಿರಲೆಂದು ಹಾಗೆ ಮಾಡಿದನೋ ಎಂಬ ಚರ್ಚೆ ಬೇರೆ. ಮುಂದಿನ ವರ್ಷ ಅವನ ಚಿತ್ರದ ಡಾಕ್ಟರು ಬಾಯಿಬಿಡದೆ ಕುಳಿತದ್ದನ್ನು ನೋಡುವಾಗ ಈ ಪತ್ರದ ನೆನಪು ಬಂದೇ ಬರುತ್ತದೆ.

ಡಾಕ್ಟರು ಹೇಳದ್ದನ್ನು ಶಂಡರ್ಸನ್ ತಾನೇ ಬಂದು ಹೇಳುತ್ತಾನೆ. ಚಿತ್ರದ ಅತ್ಯುತ್ತಮ ದೃಶ್ಯ ಇದು. ಒಂದು ಕಾಲಕ್ಕೆ ಅವನಿಗೊಬ್ಬ ಗೆಳೆಯ, ಒಬ್ಬ ಪ್ರೇಯಸಿ. ಜಗಳವಾಯಿತು, ಗೆಳೆಯ ಕಾಣೆಯಾದ. ಕೊಂದವನು ಇವನೇ ಎಂದು ತೀರ್ಮಾನವಾಗಿ 15 ವರ್ಷ ಜೈಲು. ಬಿಡುಗಡೆಯಾಗಿ ಹೊರಬಂದರೆ, ಸತ್ತ ಗೆಳೆಯ ಹೋಟೆಲೊಂದರಲ್ಲಿ ಕುಳಿತು ಸೂಪು ಕುಡಿಯುತ್ತಿದ್ದಾನೆ! ಆ ಸಿಟ್ಟಿನಲ್ಲಿ ಶಂಡರ್ಸನ್ ಅವನನ್ನು ನಿಜವಾಗಿಯೇ ಬಡಿದು ಕೊಂದ. ಇದೇ ಕೊಲೆಗೆ ಆಗಲೇ ಶಿಕ್ಷೆ ಅನುಭವಿಸಿದ್ದೇನಲ್ಲ ಎಂಬ ಅವನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಗಲ್ಲಿಗೇರಿಸಿದರು. ಕಣ್ಣುಬಿಟ್ಟಾಗ ಮೇಜಿನ ಮೇಲೆ ಮಲಗಿದ್ದ, ಪಕ್ಕದಲ್ಲಿ ಹೆಣ ಪರೀಕ್ಷಿಸಲು ಬಂದ ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿಯೇ ಪ್ರಿಟೋರಿಯಸ್. ಅಂದಿನಿಂದ ಗುಟ್ಟು ಇಬ್ಬರ ನಡುವೆ ಉಳಿಯಿತು. ಫಿನ್ಲೇ ಕರಿ ಇದನ್ನು ಪಂಚಾಂಗ ಓದುವಷ್ಟು ನಿರ್ವಿಕಾರವಾಗಿ ಹೇಳುತ್ತಾನೆ. ಕೇಳುವವರಿಗೆ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ.

ಗಲ್ಲಿಗೇರಿದವನು ಬದುಕಿ ಏಳುವುದು ಶುದ್ಧ ಕಟ್ಟುಕಥೆ ಎನ್ನುವಂತಿಲ್ಲ. 1650ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆನ್ ಗ್ರೀನ್ ಎಂಬ ಮನೆಗೆಲಸದ ಹೆಣ್ಣನ್ನು ಗಲ್ಲಿಗೇರಿಸಿದರು. ಹೆಣವನ್ನು ಅಂಗರಚನೆಯ ಪಾಠಕ್ಕೆಂದು ವೈದ್ಯರಿಗೆ ಒಪ್ಪಿಸಲಾಯಿತು. ಪೆಟ್ಟಿಗೆ ತೆರೆದರೆ ಗಂಟಲಲ್ಲಿ ಗೊರಗೊರ ಸದ್ದು! ವಿಲಿಯಂ ಪೆಟ್ಟಿ ಮತ್ತು ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಮೈ ಬೆಚ್ಚಗೆ ಮಾಡಿ, ಬಿಸಿ ಪಾನೀಯ ಕುಡಿಸಿ, ಅವಳನ್ನು ಬದುಕಿಸಿಕೊಂಡರು. ಅಂದಿನ ನೇಣು ಈಗಿನಂತೆ ಕತ್ತಿನ ಮೂಳೆ ಮುರಿಯುತ್ತಿರಲಿಲ್ಲ, ಉಸಿರು ಮತ್ತು ರಕ್ತದ ಹರಿವನ್ನು ಮೆಲ್ಲಗೆ ತಡೆಯುತ್ತಿತ್ತು. ಕೊರೆಯುವ ಚಳಿಯಲ್ಲಿ ಮೆದುಳಿಗೆ ಬೇಕಾಗುವ ಆಮ್ಲಜನಕವೂ ಕಡಿಮೆ. ಆನ್ ಗ್ರೀನ್‌ಗೆ ಕ್ಷಮಾದಾನ ಸಿಕ್ಕಿತು, ಮುಂದೆ ಮದುವೆಯಾಗಿ ಮೂರು ಮಕ್ಕಳನ್ನೂ ಹೆತ್ತಳು. ಅವಳ ಮೇಲಿದ್ದ ಆರೋಪ ಯಾವುದು? ಮದುವೆಯಿಲ್ಲದೆ ಬಸಿರಾಗಿ, ಹುಟ್ಟಿದ ಕೂಸನ್ನು ಕೊಂದಳು ಎಂದು. ಕೂಸು ಹುಟ್ಟುವಾಗಲೇ ಸತ್ತಿತ್ತು ಎಂಬ ಅವಳ ಮಾತನ್ನು ನ್ಯಾಯಾಲಯ ಕೇಳಿರಲಿಲ್ಲ. ಡೆಬರಾಳ ಸಂಕಟವೂ ಶಂಡರ್ಸನ್‌ನ ಗತಿಯೂ ಮುನ್ನೂರು ವರ್ಷ ಮುಂಚೆ ಒಬ್ಬಳೇ ಹೆಣ್ಣಿನ ಬಾಳಿನಲ್ಲಿ ಕೂಡಿದ್ದವು.

ಎಲೆಕೋಸು, ಆಟದ ರೈಲು

ಇಷ್ಟೆಲ್ಲ ಓದಿದವರಿಗೆ ಇದು ನಗೆಚಿತ್ರ ಹೇಗಾಯಿತು ಎಂದು ಅನುಮಾನ ಬಂದಿದ್ದರೆ ತಪ್ಪಿಲ್ಲ. ನಗು ಇರುವುದು ಮಾತಿನಲ್ಲಿ, ಅಡ್ಡದಾರಿಗಳಲ್ಲಿ. ಭೌತವಿಜ್ಞಾನದ ಪ್ರಾಧ್ಯಾಪಕ ಬಾರ್ಕರ್ ಡಾಕ್ಟರನ ಜೀವದ ಗೆಳೆಯ. ವಿಯೆನ್ನಾದಲ್ಲಿ ಹುಟ್ಟಿದ ವಾಲ್ಟರ್ ಸ್ಲೆಝಾಕ್ ಮಾಡಿದ ಈ ದಪ್ಪ ವಿಜ್ಞಾನಿ ವಾದ್ಯಗೋಷ್ಠಿಯಲ್ಲಿ ತನ್ನಷ್ಟೇ ದಪ್ಪದ ಡಬಲ್ ಬೇಸ್ ಹಿಡಿದು, ನಿರ್ದೇಶಕನ ಮೇಲೆ ಗೊಣಗುತ್ತ ನುಡಿಸುತ್ತಾನೆ. ಊಟದ ಮೇಜಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಮೇಲೆ ಒಂದು ಚರ್ಚೆ. ಸ್ವಚ್ಛತೆಯ ಹೆಸರಿನಲ್ಲಿ ಎಲ್ಲವನ್ನೂ ಪೊಟ್ಟಣ ಕಟ್ಟಿ ಮಾರುವ ಹುಚ್ಚಿನಿಂದ ಊಟದ ರುಚಿಯೇ ಹೋಯಿತು, ಎಲೆಕೋಸೆಂದರೆ ಮರದ ಪೀಪಾಯಿಯಿಂದ ತೋಡಿ ಕೊಟ್ಟದ್ದೇ ಎಲೆಕೋಸು ಎಂದು ಡಾಕ್ಟರನ ಹಟ. ಅಜ್ಜಿಯ ಭರಣಿಯ ಉಪ್ಪಿನಕಾಯಿ ತಿಂದು ಬೆಳೆದವರು ಈ ವಾದದಲ್ಲಿ ಯಾರ ಪಕ್ಷ ಎಂದು ಕೇಳಬೇಕಿಲ್ಲ.

ಇನ್ನು ಆಟದ ರೈಲುಗಳ ದೃಶ್ಯ. ಡಾಕ್ಟರು, ಭೌತವಿಜ್ಞಾನಿ ಮತ್ತು ಮಾವ, ಮೂವರು ದೊಡ್ಡವರು ನೆಲದ ತುಂಬ ಹಳಿ ಹಾಸಿ ವಿದ್ಯುತ್ ರೈಲು ಓಡಿಸುತ್ತ, ಸಿಗ್ನಲ್ಲಿಗಾಗಿ ಕೂಗಾಡುತ್ತ, ಕೊನೆಗೆ ಎಲ್ಲವನ್ನೂ ಡಿಕ್ಕಿ ಹೊಡೆಸಿ ಒಬ್ಬರ ಮೇಲೊಬ್ಬರು ದೂರು ಹಾಕುತ್ತಾರೆ. ಸರ್ಕಸ್ಸಿನಂಥ ಪ್ರದರ್ಶನಗಳಲ್ಲಿ ಲಾಗ ಹಾಕಿ ಬೆಳೆದ ಕೇರಿ ಗ್ರಾಂಟ್‌ಗೆ ಇಂಥ ದೃಶ್ಯ ನೀರು ಕುಡಿದಷ್ಟು ಸಲೀಸು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಎಂಬ ಬಡ ಹುಡುಗನೇ ಕೇರಿ ಗ್ರಾಂಟ್ ಆದದ್ದು. ಈ ಚಿತ್ರದ ಹೊತ್ತಿಗೆ ಅವನಿಗೆ 47. ಇಲ್ಲಿ ಆತ ಓಡುವುದಿಲ್ಲ, ಜಾರಿ ಬೀಳುವುದಿಲ್ಲ. ಎಲ್ಲರೂ ಗದ್ದಲ ಎಬ್ಬಿಸುವಾಗ ತಾನೊಬ್ಬನೇ ದನಿ ತಗ್ಗಿಸುತ್ತಾನೆ. ಗೆದ್ದ ನಗೆಪಾತ್ರಗಳ ಗುಂಗಿನಲ್ಲಿದ್ದ ಅಭಿಮಾನಿಗಳಿಗೆ ಇದು ಸಪ್ಪೆಯೆನಿಸಿತೇನೋ. ಚಿತ್ರದಲ್ಲಿ ಮಾತು ಹೆಚ್ಚು ಎಂಬ ದೂರನ್ನು ಅಲ್ಲಗಳೆಯುವಂತಿಲ್ಲ. ಆದರ್ಶ ಪುರುಷನ ತಲೆಯ ಹಿಂದೆ ಪ್ರಭಾವಳಿ ಮೂಡುವುದು ಕೂಡ ಕೆಲವು ಕಡೆ ಜಾಸ್ತಿಯೇ ಆಯಿತು. ಜರ್ಮನರು ಮಾತ್ರ ಈ ಡಾಕ್ಟರನನ್ನು ಮರೆಯದೆ 1965ರಲ್ಲಿ ಹೈಂಟ್ಸ್ ರೂಮಾನ್‌ನನ್ನು ಹಾಕಿಕೊಂಡು ಮತ್ತೊಮ್ಮೆ ಚಿತ್ರ ಮಾಡಿದರು.

ವಿಚಾರಣೆ ಮುಗಿದಿದೆ. ಮಂಡಳಿಯವರು ಎದ್ದು ಸಂಗೀತ ಕೇಳಲು ಹೊರಡುತ್ತಾರೆ. ಉಳಿದವನು ಎಲ್ವೆಲ್ ಒಬ್ಬನೇ. ಹೋಗುವ ಮುನ್ನ ಶಂಡರ್ಸನ್ ಅವನಿಗೆ ಮೆಲ್ಲಗೆ ಹೇಳುತ್ತಾನೆ, ನೀನು ಸಣ್ಣವನು, ಎತ್ತರದಲ್ಲಲ್ಲ ಎಂದು. ವೇದಿಕೆಯ ಮೇಲೆ ಪ್ರಿಟೋರಿಯಸ್ ಕೋಲು ಎತ್ತುತ್ತಾನೆ. ನುಡಿಸುವುದು ಬ್ರಾಮ್ಸ್‌ನ ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’. ಬ್ರೆಸ್ಲಾವ್ ವಿಶ್ವವಿದ್ಯಾಲಯ ಕೊಟ್ಟ ಗೌರವ ಡಾಕ್ಟರೇಟಿಗೆ ಕೃತಜ್ಞತೆಯಾಗಿ ಬ್ರಾಮ್ಸ್ 1880ರಲ್ಲಿ ರಚಿಸಿದ್ದು. ಗಂಭೀರವಾದದ್ದನ್ನು ಎದುರು ನೋಡಿದ್ದ ಪಂಡಿತರಿಗೆ ಆತ ಕೊಟ್ಟದ್ದು ವಿದ್ಯಾರ್ಥಿಗಳು ಬಿಯರ್ ಕುಡಿಯುತ್ತ ಹಾಡುವ ಹಾಡುಗಳ ಮಾಲೆ! ವಾದ್ಯಗಳ ಜತೆಗೆ ಮೇಳದವರ ದನಿಯೂ ಏರುತ್ತದೆ. ಬಾರ್ಕರ್ ಬೆವರು ಸುರಿಸುತ್ತ ಡಬಲ್ ಬೇಸ್ ಉಜ್ಜುತ್ತಿದ್ದಾನೆ. ಸಭಿಕರ ನಡುವೆ ಕುಳಿತ ಡೆಬರಾ ತಟ್ಟನೆ ಬೆಚ್ಚಿ ಕೆಳಗೆ ನೋಡಿಕೊಳ್ಳುತ್ತಾಳೆ. ಹೊಟ್ಟೆಯಲ್ಲಿ ಕೂಸು ಮಿಸುಕಿದೆ.